ಕಾದಂಬರಿಯೊಳಗಿನ ಅತ್ತೆ

ಭುವನಾ ಬಟ್ಟಲಿನಿಂದ ಎರಡು ಬೆರಳಲ್ಲಿ ಕೊಬ್ಬರಿ ಎಣ್ಣೆ ತೆಗೆದು ಅತ್ತೆಯ ಅಂಗೈಗೆ ಸವರಿದಳು. ಹೆಬ್ಬೆರಳಿನ ಬುಡ, ಉಗುರಿನ ಸಂದು, ಬೆರಳುಗಳ ನಡುವಿನ ತೆಳು ಚರ್ಮ, ಎಲ್ಲ ಕಡೆಗೂ ತಿಕ್ಕಿದಳು. ಸೋಮವ್ವ ಎರಡೂ ಕೈ ಚಾಚಿ ಕೂತಿದ್ದಳು. ಅತ್ತೆ ಏನಾದರೂ ಕೇಳಿಬಿಟ್ಟಾಳೆಂದು ಭುವನಾ ತಲೆ ಎತ್ತಲೇ ಇಲ್ಲ. ಕೊನೆಗೆ ತನ್ನ ಬೆರಳುಗಳನ್ನು ಸೆರಗಿನ ತುದಿಗೆ ಒರೆಸಿ, ಸೋಪು ಹಚ್ಚಿ ತೊಳೆದುಕೊಂಡಳು.

ಎಣ್ಣೆ ಹಚ್ಚದೆ ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ಕೂಲಿಗೆ ಕೂತು ದಿನವಿಡೀ ತೊಟ್ಟು ಬಿಡಿಸಿದರೆ ಕೈ ಉರಿದು ಅನ್ನ ಕಲಸಲೂ ಆಗುವುದಿಲ್ಲ. ಈ ತಿಂಗಳು ಮಾತ್ರ ಭುವನಾ ಕಾಯಿ ಮುಟ್ಟುತ್ತಿರಲಿಲ್ಲ. ಮೊದಲ ದಿನ ಖಾರದ ಕೈಯಲ್ಲೇ ಮೊಬೈಲ್ ಒತ್ತಿದ್ದಳು. ಸಂಜೆ ಅದನ್ನು ಹಿಡಿದು ಆಡಿದ ಮಗಳು ಕಣ್ಣು ಉಜ್ಜಿಕೊಂಡು ಮನೆ ಹಾರಿಹೋಗುವಂತೆ ಅತ್ತಿದ್ದಳು. ಗಂಡ ಶಂಭುಲಿಂಗ ಮೊಬೈಲನ್ನು ಕಪಾಟಿನ ಮೇಲೆ ಎಸೆದಿದ್ದ. ಅದನ್ನು ಕೆಳಗಿಳಿಸಿ ಕೊಟ್ಟವಳು ಸೋಮವ್ವ. "ನೀ ಬರಿ. ಇಬ್ಬರದೂ ನಾ ಬಿಡಸ್ತೀನಿ. ಬುಟ್ಟಿ ಹೊರೂದು, ಕಸ ಹೊಡಿಯೂದು ಮಾಡಿದ್ರ ಸಾಕು," ಎಂದಿದ್ದಳು.

ಭುವನಾ ಬರೆಯುತ್ತಿದ್ದುದು ಕಾದಂಬರಿ. ಹಾವೇರಿಯ ಓದುಗರ ಬಳಗವೊಂದು ವಾಟ್ಸಾಪಿನಲ್ಲಿ ಪಂಥ ಕಟ್ಟಿತ್ತು. ತಿಂಗಳೊಳಗೆ ಒಂದು ಕಾದಂಬರಿ ಮುಗಿಸಬೇಕು, ದಿನಕ್ಕೊಂದು ಅಧ್ಯಾಯ ದೀಪ ಹಚ್ಚುವ ಹೊತ್ತಿಗೆ ಗುಂಪಿಗೆ ಬಂದಿರಬೇಕು. ಅದನ್ನು ನಡೆಸುತ್ತಿದ್ದ ನಿವೃತ್ತ ಮಾಸ್ತರು ಪರಮೇಶಪ್ಪನವರದು ಒಂದು ಕಟ್ಟಳೆ ಇತ್ತು. ಕಳಿಸಿದ್ದನ್ನು ಯಾರೂ ತಿದ್ದಬಾರದು, ಬೇಕಾದರೆ ಮುಂದಿನ ಅಧ್ಯಾಯದಲ್ಲಿ ಸರಿಮಾಡಿಕೊಳ್ಳಬೇಕು. ಆ ಗುಂಪಿನಲ್ಲಿ ಭುವನಾಳ ದನಿ ಕೇಳಿದವರಿರಲಿಲ್ಲ. ಅವ್ವ ಹಾಸಿಗೆ ಹಿಡಿದಳೆಂದು ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು ಅವಳು. ರಾಣೆಬೆನ್ನೂರಿನಲ್ಲಿ ಸೇರಿದ್ದ ಹೊಲಿಗೆ ಕ್ಲಾಸು ಮದುವೆಯಿಂದಾಗಿ ಅರ್ಧಕ್ಕೆ ನಿಂತಿತ್ತು. ಹಿಡಿದದ್ದೊಂದು ಪೂರ್ತಿ ಮುಗಿದದ್ದನ್ನು ಅವಳು ಇದುವರೆಗೂ ಕಂಡಿರಲಿಲ್ಲ. ಇದು ಮುಗಿಯಬೇಕಿತ್ತು.

ಕತೆಯಲ್ಲಿ ನೀಲವ್ವ ಎಂಬವಳು ರಾಣೆಬೆನ್ನೂರು ಸ್ಟೇಷನ್ನಿನ ಎದುರು ಖಾನಾವಳಿ ತೆಗೆಯುತ್ತಾಳೆ. ಮೊದಲಿನಿಂದಲೂ ಅವಳಿಗೊಬ್ಬ ಅತ್ತೆ ಇದ್ದಳು. ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಬಾಗಿಲಲ್ಲಿ ಕೂತು, ಬೆಕ್ಕಿಗೂ ಬುದ್ಧಿ ಹೇಳುತ್ತಾ, ಯಾರು ಏನೇ ಹೇಳಲಿ "ಖರೇನ?" ಎನ್ನುವವಳು. ತೊಟ್ಟು ಬಿಡಿಸುವ ಹೆಂಗಸರ ನಡುವೆ ಜುಬೇದಾ ಅದನ್ನು ಗಟ್ಟಿಯಾಗಿ ಓದಿದಾಗ ಎಲ್ಲರೂ ಸೋಮವ್ವನ ಕಡೆ ನೋಡಿ ನಕ್ಕಿದ್ದರು. ಸೋಮವ್ವ ಎಣ್ಣೆಗೈಯನ್ನು ಬಾಯಿಗೆ ಅಡ್ಡ ಹಿಡಿಯಲಾಗದೆ ಮೊಣಕಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಂದಿನಿಂದ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಳ್ಳುವಾಗಲೇ "ಇವತ್ತ ನಾ ಏನ್ ಮಾಡ್ತೇನಿ?" ಎಂದು ಕೇಳುವುದು ರೂಢಿಯಾಗಿತ್ತು.

ಕಳೆದ ವಾರ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕಲು ಐರಣಿಯಿಂದ ಬೀಗರು ಬಂದರು. ಮನೆ ತುಂಬ ಜನ. ಭುವನಾ ಬರೆಯುವುದರಲ್ಲಿ ಎರಡು ದಿನ ಹಿಂದುಳಿದಳು. ಮೂರನೆಯ ದಿನ ನೀಲವ್ವ ರಾಣೆಬೆನ್ನೂರಿನ ಬಸ್ಸು ಹತ್ತಲೇಬೇಕಿತ್ತು. ಬಾಗಿಲಲ್ಲಿ ನೀಲವ್ವನ ಅತ್ತೆ ಕೂತಿದ್ದಳು. ಎಲ್ಲಿಗೆ ಎಂದು ಕೇಳುವಳು, ಜಗಳವಾಗುವುದು, ಆಮೇಲೆ ಯಾರಾದರೂ ಸಮಾಧಾನ ಮಾಡಬೇಕು. ಅಷ್ಟನ್ನೂ ಬರೆಯಲು ಹೊತ್ತೆಲ್ಲಿತ್ತು? ಪಡಸಾಲೆಯಲ್ಲಿ ಬೀಗರು ಚಹಾಕ್ಕೆ ಕಾಯುತ್ತಿದ್ದರು. ಹಿತ್ತಲ ಒಲೆಯ ಮುಂದೆ ಸೋಮವ್ವ ಒಬ್ಬಳೇ ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು. ಭುವನಾ ಗ್ಯಾಸಿನ ಮುಂದೆ ನಿಂತೇ ಬರೆದಳು. 'ಅಷ್ಟರಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡಳು. ನೀಲವ್ವ ಬಸ್ಸು ಹತ್ತಿದಳು.' ಬೆನ್ನಿನಿಂದ ಮೂಟೆ ಇಳಿಸಿದಷ್ಟು ಹಗುರವಾಯಿತು. ಕಳಿಸಿ ತಿರುಗುವಷ್ಟರಲ್ಲಿ ಹಾಲು ಉಕ್ಕಿತ್ತು.

ಆವತ್ತಿನಿಂದ ಅಂಗಳದಲ್ಲಿ ಓದು ನಿಂತಿತ್ತು. ಭುವನಾ ಒಮ್ಮೆ ನೆಟ್ ಇಲ್ಲ ಎಂದಳು, ಒಮ್ಮೆ ಚಾರ್ಜ್ ಇಲ್ಲ ಎಂದಳು. ಇವತ್ತು ಪಂಥದ ಕೊನೆಯ ದಿನ.

ಮಧ್ಯಾಹ್ನ ಅವಳು ತುಂಬಿದ ಬುಟ್ಟಿ ಹೊತ್ತು ತೂಕಕ್ಕೆ ಹೋದಳು. ಹಿಂತಿರುಗುವಾಗ ರಾಶಿಯ ಕಡೆಯಿಂದ ಜುಬೇದಾಳ ದನಿ ಕೇಳಿತು. ಕಾಲು ಅಲ್ಲೇ ನಿಂತವು. ಚೀಲದ ಮೇಲೆ ಬಿಟ್ಟು ಬಂದಿದ್ದ ಮೊಬೈಲು ಜುಬೇದಾಳ ಕೈಯಲ್ಲಿತ್ತು.

"ಹಿಂದಿಂದು ಕೇಳಲಾರದ ಮುಂದಿಂದು ಹೆಂಗ ತಿಳೀತೈತಿ? ಓದು, ಆಕಿ ಏನೂ ಅನ್ನಂಗಿಲ್ಲ," ಎಂದು ಸೋಮವ್ವ ಹೇಳುತ್ತಿದ್ದಳು.

ಜುಬೇದಾ ಓದಿದಳು. ಜ್ವರದ ಸಾಲಿಗೆ ಬಂದು ತಡವರಿಸಿದಳು, ಆದರೂ ಓದಿದಳು.

ಮೊದಲು ನಕ್ಕವಳು ತಾಜಬಿ. "ಏ ಸೋಮಕ್ಕಾ, ಸತ್ತು ಇಷ್ಟ ದಿನಾ ಆತು, ನಮಗ ಒಂದ್ ಹೋಳಗಿ ಹಾಕ್ಸಲಿಲ್ಲಲ್ಲವಾ!"

"ಸತ್ತಾಕಿ ಕೈ ನೋಡ್ರಿ, ಹೆಂಗ ಲಗೂ ಲಗೂ ಬಿಡಸಾಕತ್ತಾವ," ಎಂದಳು ಮಂಗಳವ್ವ.

ಸೋಮವ್ವನೂ ನಕ್ಕಳು. "ಜ್ವರಾನ? ನನಗ ಯಾವಾಗರ ಜ್ವರಾ ಬಂದದ್ದ ನೋಡೀರೇನು? ಸಾಯ್ಸೂದಾದ್ರ ಹಾವರ ಕಡಸಬೇಕಿತ್ತು, ನಾಕ ಮಂದಿ ಓಡಿ ಬರ್ತಿದ್ರು." ರಾಶಿಯ ಸುತ್ತ ನಗು ಎದ್ದು ಇಳಿಯಿತು. ಅದು ಪೂರ್ತಿ ಇಳಿದ ಮೇಲೆ ಅವಳು ಕೇಳಿದಳು, "ಜುಬೇದಾ, ಮತ್ತೊಮ್ಮಿ ಓದು."

ಜುಬೇದಾ ಮತ್ತೊಮ್ಮೆ ಓದಿದಳು.

"ಅಷ್ಟೇನ?"

"ಅಷ್ಟರೀ ಅವ್ವಾರ."

"ಯಾರರ ಅತ್ರೇನು?"

ಜುಬೇದಾ ತಲೆ ಎತ್ತಿ, ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಭುವನಾಳನ್ನು ನೋಡಿದಳು. "ಅದನ್ನ ಬರದಿಲ್ಲರೀ," ಎಂದು ಮೊಬೈಲನ್ನು ಅವಳತ್ತ ಚಾಚಿದಳು.

ಭುವನಾ ಅತ್ತೆಯ ಪಕ್ಕ ಕೂತಳು. "ಅತ್ತೀ, ಅದು ಕತಿರಿ."

"ಗೊತ್ತೈತಿ ಬಿಡು."

"ಬೀಗರು ಬಂದಿದ್ರಲ್ಲರಿ, ಟೈಮ್ ಇರಲಿಲ್ಲ. ಆಕಿ ಬಾಗಲದಾಗ ಕುಂತಿದ್ರ ನೀಲವ್ವಗ ಹೊರಗ ಹೋಗಾಕ ಆಗ್ತಿರಲಿಲ್ಲರಿ."

ಸೋಮವ್ವನ ಬೆರಳು ಒಂದು ಕಾಯಿಯ ಮೇಲೆ ನಿಂತಿತು. "ನಾ ನಿನಗ ಯಾವತ್ತರ ಹೋಗಬ್ಯಾಡ ಅಂದೇನೇನು?"

"ಇಲ್ಲರಿ."

"ಮತ್ತ?"

ಭುವನಾ ಖಾಲಿ ಬುಟ್ಟಿಯನ್ನು ಅತ್ತೆಯ ಮುಂದೆ ಸರಿಸಿದಳು. ಸೋಮವ್ವ ತೊಟ್ಟು ಮುರಿದು ಕಾಯಿಯನ್ನು ಬುಟ್ಟಿಗೆ ಹಾಕಿದಳು, ಮತ್ತೊಂದು ಎತ್ತಿಕೊಂಡಳು. "ಹೊತ್ತಾಕೈತಿ. ಬರಿ ನೀ," ಎಂದಳು.

ತಗಡಿನ ಸೂರಿನ ನೆರಳು ರಾಶಿ ದಾಟಿ ಗೋಡೆಯ ಬುಡಕ್ಕೆ ಹೋಗಿತ್ತು. ಭುವನಾ ಚೀಲಗಳಿಗೆ ಒರಗಿ ಬರೆಯತೊಡಗಿದಳು. ಖಾನಾವಳಿಯ ಮೊದಲ ದಿನ. ಗಿರಾಕಿಗಳು ಬಂದರು, ಉಂಡರು, ಜುಣಕ ಚೆನ್ನಾಗಿದೆ ಎಂದರು, ರೈಲಿನ ಹೊತ್ತಾಯಿತೆಂದು ಎದ್ದರು. ಇನ್ನುಳಿದದ್ದು ಸ್ವಲ್ಪ. ಕೊನೆಯ ಸಾಲುಗಳು ಅವಳಿಗೆ ತಿಂಗಳ ಮೊದಲಿನಿಂದಲೇ ಬಾಯಿಪಾಠವಾಗಿದ್ದವು. ನೀಲವ್ವ ತಾಟು ತೊಳೆದು ಬಾಗಿಲು ಮುಚ್ಚುತ್ತಾಳೆ. ಖಾಲಿ ಖಾನಾವಳಿಯ ನಡುವೆ ಒಬ್ಬಳೇ ಕೂತು, ಯಾರಿಗೂ ಬಡಿಸದೆ, ತನಗಾಗಿ ಒಂದು ತಾಟು ಹಚ್ಚಿಕೊಳ್ಳುತ್ತಾಳೆ. ಬೇರೆ ಯಾರೂ ಇಲ್ಲದ ಆ ಜಾಗವನ್ನು ಮುಟ್ಟಲೆಂದೇ ಅವಳು ಇಷ್ಟು ದಿನ ಬರೆದಿದ್ದಳು.

ಗುಂಪಿನಲ್ಲಿ ಒಬ್ಬೊಬ್ಬರದೇ ಕೊನೆಯ ಅಧ್ಯಾಯ ಬಂದು ಬೀಳುತ್ತಿತ್ತು. ಪರಮೇಶಪ್ಪ ಮಾಸ್ತರು ಪ್ರತಿಯೊಂದಕ್ಕೂ ಕೈಮುಗಿದ ಚಿತ್ರ ಹಾಕುತ್ತಿದ್ದರು.

"ಭುವನಾ," ಎಂದಳು ಸೋಮವ್ವ. ಕಣ್ಣು ಮೆಣಸಿನಕಾಯಿಯ ಮೇಲೇ ಇತ್ತು.

"ಸತ್ತಾಕಿ ಸತ್ತಾಳ, ಅದಿರ್ಲಿ. ಆ ಖಾನಾವಳ್ಯಾಗ ಯಾವದರ ಒಂದ್ ಮೂಲ್ಯಾಗ ಒಬ್ಬಾಕಿ ಮುದುಕಿನ್ನ ಕುಂದರ್ಸು. ಹೆಸರ ಬ್ಯಾಡ, ಮಾತ ಬ್ಯಾಡ. ಬಳ್ಳೊಳ್ಳಿ ಸುಲೀತ ಕುಂತಿರ್ಲಿ."

'ಒಬ್ಬಳೇ' ಎಂದು ಬರೆಯಬೇಕಿದ್ದ ಭುವನಾಳ ಹೆಬ್ಬೆರಳು ಮೊಬೈಲಿನ ಗಾಜಿನಿಂದ ಒಂದಿಷ್ಟು ಮೇಲೆ ನಿಂತಿತ್ತು. ಅಷ್ಟರಲ್ಲಿ ಹಮಾಲರು ಹೊಸ ಚೀಲವೊಂದನ್ನು ತಂದು ರಾಶಿಯ ಮೇಲೆ ಸುರಿದರು. ಕೆಂಪು ಧೂಳು ಎದ್ದಿತು. ಹೆಂಗಸರೆಲ್ಲ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡರು.