ಪೀರಪ್ಪನ ಹೆಸರು

ಜಹೀರಾಬಾದಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜನಾಬಾಯಿ, ಗಂಡ ತೀರಿಕೊಂಡ ಮೇಲೆ ಭಾನುವಾರದ ಮಧ್ಯಾಹ್ನಗಳನ್ನು ಸಬ್‌ಜೈಲಿಗೆ ಕೊಟ್ಟುಬಿಟ್ಟಿದ್ದಳು. ಬೆಳಗಿನ ಆರಾಧನೆ ಮುಗಿದ ಕೂಡಲೇ ಬೈಬಲ್ಲು, ಒಂದಿಷ್ಟು ಪೋಸ್ಟ್ ಕಾರ್ಡು ಚೀಲಕ್ಕೆ ಹಾಕಿಕೊಂಡು ಹೊರಡುವಳು. ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡಿ, ಆಮೇಲೆ ಓದುಬರಹ ಬಾರದ ಕೈದಿಗಳಿಗೆ ಕಾಗದ ಬರೆದುಕೊಡುವಳು. ಕನ್ನಡ, ತೆಲುಗು, ಉರ್ದು ಮೂರೂ ಅವಳಿಗೆ ಬರುತ್ತಿದ್ದವು. ಹೆಚ್ಚಿನವರು ಕಾಯುತ್ತಿದ್ದುದು ಪ್ರಾರ್ಥನೆಗಲ್ಲ, ಕಾಗದಕ್ಕೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ಬೇಸರವೇನೂ ಇರಲಿಲ್ಲ.

೧೯೬೭ರ ಚಳಿಗಾಲದಲ್ಲಿ ಅಲ್ಲಿಗೆ ಕಲ್ಹೇರ್ ಕಡೆಯ ಕುರಿ ಕಾಯುವವನೊಬ್ಬ ಬಂದ. ಜೈಲಿನ ದಾಖಲೆಯಲ್ಲಿ ಅವನ ಹೆಸರು ಪೀರಪ್ಪ. ತೊಗರಿ ಹೊಲಕ್ಕೆ ಕುರಿ ನುಗ್ಗಿ ಜಗಳವಾಗಿ, ಕಾವಲುಗಾರನಿಗೆ ಕೋಲಿನಿಂದ ಹೊಡೆದ, ಅವನು ಮೂರನೇ ದಿನ ಸತ್ತ ಎಂಬುದು ಕೇಸು. ಕಾವಲುಗಾರ ತಾಂಡೂರು ಕಡೆಯಿಂದ ಕೂಲಿಗೆ ಬಂದವನು. ಬೆಳಗಿನ ಮಂಜಿನಲ್ಲಿ ಅವನಿಗೆ ಹೊಡೆದವನ ಮುಖ ಕಂಡಿರಲಿಲ್ಲ. ಯಾರೋ "ಪೀರಪ್ಪಾ" ಎಂದು ಕೂಗಿದ್ದು ಮಾತ್ರ ಕೇಳಿತ್ತು. ಸಾಯುವ ಮುಂಚೆ ಆ ಹೆಸರೊಂದನ್ನು ಹೇಳಿದ್ದ.

ಈ ಪೀರಪ್ಪ ಯಾರಿಗೂ ಕಾಗದ ಬರೆಸಲಿಲ್ಲ. ಹೆಸರು ಹಿಡಿದು ಕರೆದರೆ ಮೊದಲ ಸಲ ತಿರುಗಿಯೂ ನೋಡುತ್ತಿರಲಿಲ್ಲ. ಎರಡನೆಯ ಸಲಕ್ಕೆ ಬೆಚ್ಚಿದಂತೆ ತಲೆ ಎತ್ತುತ್ತಿದ್ದ. ಕಿವಿ ಮಂದವಿರಬೇಕು ಎಂದುಕೊಂಡಿದ್ದಳು ಜನಾಬಾಯಿ. ಆದರೆ ಗೋಡೆಯಾಚೆ ಕುರಿಯ ಗಂಟೆ ಸದ್ದಾದರೆ ಎಲ್ಲರಿಗಿಂತ ಮೊದಲು ಕಿವಿಗೊಡುತ್ತಿದ್ದವನು ಅವನೇ.

ಬೇಸಿಗೆಯಲ್ಲಿ ಅವನಿಗೆ ಕಾಮಾಲೆ ತಗುಲಿತು. ಸರ್ಕಾರಿ ದವಾಖಾನೆಗೆ ಸೇರಿಸಿದರು. ಡಾಕ್ಟರು ಉಳಿಯುವುದು ಕಷ್ಟ ಎಂದರು. ಊರಿಗೆ ಕಾಗದ ಹೋಗಿ ವಾರವಾದರೂ ಯಾರೂ ಬಾರದಿದ್ದಾಗ ಜನಾಬಾಯಿ ಶಾಲೆಗೆ ರಜೆ ಹಾಕಿ ನಾರಾಯಣಖೇಡದ ಬಸ್ಸು ಹತ್ತಿದಳು. ಅಲ್ಲಿಂದ ಕಲ್ಹೇರಿಗೆ, ಕಲ್ಹೇರಿನಿಂದ ಎರಡು ಮೈಲಿ ನಡಿಗೆ. ಊರ ಹೊರಗೆ ಕುರಿದೊಡ್ಡಿ, ಪಕ್ಕದಲ್ಲಿ ಎರಡು ಗುಡಿಸಲು. ಪೀರಪ್ಪನ ತಾಯಿ ಬಾಳಮ್ಮ ಬಾಗಿಲಲ್ಲಿದ್ದಳು. ಸೊಸೆ ಕೌಶಲ್ಯಾ ಕೂಸಿಗೆ ಹಾಲೂಡಿಸುತ್ತಿದ್ದಳು. ದೊಡ್ಡಿಯ ಬೇಲಿ ಕಟ್ಟುತ್ತಿದ್ದವನು ದೊಡ್ಡ ಮಗ ಅಮೋಘಸಿದ್ದ ಎಂದು ಬಾಳಮ್ಮ ಹೇಳಿದಳು. ನೀರು ತರಲು ಅವನನ್ನು ಆ ಹೆಸರು ಹಿಡಿದು ಕೂಗಿದಳು. ಅವನು ತಿರುಗಲಿಲ್ಲ. ಮತ್ತೊಮ್ಮೆ ಕೂಗಿದಾಗ ಬೆಚ್ಚಿದಂತೆ ತಲೆ ಎತ್ತಿದ.

ಜನಾಬಾಯಿ ಹತ್ತಿರ ಹೋಗಿ ಅವನ ಮುಖ ನೋಡಿದಳು. ಇವನದೂ ದವಾಖಾನೆಯಲ್ಲಿದ್ದವನದೂ ಮೂಗು, ಹುಬ್ಬು ಒಂದೇ ಅಚ್ಚು.

"ಅಲ್ಲಿ ಸಾಯಾಕ ಹತ್ತಿದವ ಯಾರು, ಬಾಳಮ್ಮ?" ಎಂದು ಮೆಲ್ಲಗೆ ಕೇಳಿದಳು.

ಬಾಳಮ್ಮ ಎಲ್ಲ ಹೇಳಿದಳು. ಹೊಡೆದವನು ಕಿರಿಯ ಮಗ ಪೀರಪ್ಪನೇ. ಪೊಲೀಸರು ಬಂದ ದಿನ ಅವನ ಕೂಸಿಗೆ ಒಂಬತ್ತು ದಿನ. ಮದುವೆಯಿಲ್ಲದ ಹಿರಿಯ, ಅಮೋಘಸಿದ್ದ, ಎದ್ದು ನಿಂತು ನಾನೇ ಪೀರಪ್ಪ ಎಂದ. ದೊಡ್ಡಿಯ ಹತ್ತಿರ ಬೇರೆ ಯಾರೂ ಇರಲಿಲ್ಲ. ಆಮೇಲೆ ತಿಳಿದ ಊರವರೂ ಬಾಯಿ ಬಿಡಲಿಲ್ಲ.

ಅದೇ ದಿನ ಜನಾಬಾಯಿ, ಬಾಳಮ್ಮ ಇಬ್ಬರೂ ದವಾಖಾನೆಗೆ ಬಂದರು. ಮಂಚದ ಪಕ್ಕದಲ್ಲಿ ಪೊಲೀಸಿನವನು ಕೂತಿದ್ದ. ಬಾಳಮ್ಮ ಮಗನ ಕಾಲು ಹಿಡಿದು "ಪೀರಪ್ಪಾ, ಪೀರಪ್ಪಾ" ಎಂದು ಅತ್ತಳು. ಊರಲ್ಲಿ ಬದುಕಿರುವ ಮಗನ ಹೆಸರು ಹೇಳಿ ಸಾಯುತ್ತಿರುವ ಮಗನ ಮುಂದೆ ಅಳುವುದನ್ನು ಜನಾಬಾಯಿಗೆ ನೋಡಲಾಗಲಿಲ್ಲ. ಪ್ರಾರ್ಥನೆ ಮಾಡಬೇಕು, ಸ್ವಲ್ಪ ಹೊರಗಿರಿ ಎಂದಳು. ಪೊಲೀಸಿನವನು ಟೋಪಿ ತೆಗೆದುಕೊಂಡು ಹೊರಗೆ ಹೋದ.

ಬಾಳಮ್ಮ ಬಗ್ಗಿ ಕಿವಿಯಲ್ಲಿ "ಸಿದ್ದಾ" ಎಂದಳು. ಅವನು ಕಣ್ಣು ಬಿಟ್ಟ. ತಾಯಿಯನ್ನು ನೋಡಿ, ಜನಾಬಾಯಿಯ ಕಡೆ ತಿರುಗಿದ.

"ಹೊಡಿಬ್ಯಾಡ ಬಿಡೋ ಪೀರಪ್ಪಾ ಅಂತ ನಾನ ಕೂಗಿದ್ನಿರಿ, ಅಕ್ಕಾರ. ಹೆಸರು ನನ್ನ ಬಾಯಿಂದ ಬಿತ್ತು. ನಾನ ಹೊರಬೇಕು."

ಬೆಳಗಾಗುವುದರೊಳಗೆ ಅವನು ಹೋದ. ದವಾಖಾನೆಯ ಕಾಗದದಲ್ಲಿ ಪೀರಪ್ಪ ಸತ್ತನೆಂದು ಬರೆದಿತ್ತು. ಬಾಳಮ್ಮ ಹೆಬ್ಬೆಟ್ಟು ಒತ್ತಿದಳು. ಕೆಳಗೆ ಸಾಕ್ಷಿಯೆಂದು ಜನಾಬಾಯಿ ಸಹಿ ಹಾಕಿದಳು.

ಹೆಣ ಊರಿಗೆ ಬಂದಾಗ ಕಾವಲುಗಾರನ ಕಡೆಯವರೂ ಬಂದು ದೂರದಲ್ಲಿ ನಿಂತಿದ್ದರು. ಅವರ ಕಣ್ಣೆದುರಿಗೆ ಕೌಶಲ್ಯಾಳ ಬಳೆ ಒಡೆದರು, ತಾಳಿ ತೆಗೆದರು. ಅವಳ ಗಂಡ ನಾಲ್ಕು ಮಾರು ಆಚೆ, ಕಂಬಳಿ ಹೊದ್ದು, ಅಣ್ಣನ ಹೆಸರಿನಲ್ಲಿ ನಿಂತಿದ್ದ.

ಅಂದಿನಿಂದ ಜನಾಬಾಯಿಗೆ ಬೈಬಲ್ಲು ತೆರೆದರೆ ತನ್ನ ಸಹಿಯೇ ಕಾಣುತ್ತಿತ್ತು. ಜೈಲಿನಲ್ಲಿ ಓದುತ್ತ ಓದುತ್ತ ತಡೆದು ನಿಲ್ಲುವಳು. ಸಾಲಿನ ಕೊನೆಯಲ್ಲಿ ಹಳದಿಗಣ್ಣಿನ ಒಬ್ಬನು ಕೂತಂತಾಗುತ್ತಿತ್ತು. ಎಣಿಸಿದರೆ ತಲೆಗಳು ಸರಿಯಾಗಿಯೇ ಇರುತ್ತಿದ್ದವು.

ವರ್ಷ ಕಳೆದ ಮೇಲೆ ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಪೀರಪ್ಪ ಬಾಗಿಲಲ್ಲಿ ನಿಂತಿದ್ದ. ಬಹಳ ಸೊರಗಿದ್ದ. ಕೂಸು ಮಾತು ಕಲಿತಿದೆ, ಹೊರಗಿನ ಮಂದಿಗೆ ಗೊತ್ತಾಗಬಾರದೆಂದು ತನ್ನನ್ನು ದೊಡ್ಡಪ್ಪ ಅನ್ನಲು ಕಲಿಸಿದ್ದಾರೆ ಎಂದ.

"ನನ್ನ ಹೆಸರು ಹಿಡಿದು ಕರಿಯಾವ ಈಗ ಒಬ್ಬನ ಅದಾನ್ರಿ," ಎಂದ. "ಮಂಜು ಬಿದ್ದ ದಿನ ದೊಡ್ಡಿ ಹಿಂದ ನಿಂತು ಕೂಗ್ತಾನ. ಬಿಡೋ ಪೀರಪ್ಪಾ ಅಂತಾನ. ನಾ ಏನು ಬಿಡಲಿ, ಅಕ್ಕಾರ?"

ಅವನು ಆಗಲೇ ಒಮ್ಮೆ ಠಾಣೆಗೆ ಹೋಗಿ ಬಂದಿದ್ದ. ಪೀರಪ್ಪ ಸತ್ತಿದ್ದಾನೆ, ಕೇಸು ಮುಗಿದಿದೆ, ಕುಡಿದು ಬರಬೇಡ ಎಂದು ಜಮಾದಾರ ಅಟ್ಟಿದ್ದ. ಸತ್ತವನ ಹೇಳಿಕೆ ಬರೆದುಕೊಳ್ಳುವವರು ಯಾರು?

ಜನಾಬಾಯಿ ಆ ಸಂಜೆ ಕೂತು ಅರ್ಜಿ ಬರೆದಳು. ಅವನದಕ್ಕಿಂತ ಮೊದಲು ತನ್ನ ತಪ್ಪು ಬರೆದಳು: ಗೊತ್ತಿದ್ದೂ ಸುಳ್ಳು ಹೆಸರಿಗೆ ಸಹಿ ಹಾಕಿದವಳು ನಾನು. ಮರುದಿನ ಇಬ್ಬರೂ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಂತರು. ಕೋರ್ಟಿನ ಮುನ್ಷಿ ಎರಡು ಸಲ ಓದಿ, ಅವಳ ಮುಖ ನೋಡಿ, ಕಾಗದವನ್ನು ಒಳಗೆ ಒಯ್ದ.

ವಿಚಾರಣೆ ಎಂಟು ತಿಂಗಳು ನಡೆಯಿತು. ಪೀರಪ್ಪನಿಗೆ ಐದು ವರ್ಷವಾಯಿತು. ಸತ್ತವನ ದಾಖಲೆಯಲ್ಲಿ ಅಮೋಘಸಿದ್ದ ಎಂದು ತಿದ್ದಿದರು. ಜನಾಬಾಯಿಗೆ ದಂಡ ಹಾಕಿದರು, ಜೈಲಿನ ಪರವಾನಗಿ ಕಿತ್ತುಕೊಂಡರು. ಚರ್ಚಿನ ಸಭೆಯ ಹಿರಿಯರು ಅವಳ ಜಾಗಕ್ಕೆ ಬೇರೊಬ್ಬರನ್ನು ಕಳಿಸಿದರು.

ಖಾಲಿಯಾದ ಭಾನುವಾರಗಳಲ್ಲಿ ಅವಳು ಕಲ್ಹೇರಿನ ಬಸ್ಸು ಹತ್ತಲು ಶುರುಮಾಡಿದಳು. ಕೌಶಲ್ಯಾ ಮತ್ತೆ ಹಸಿರು ಬಳೆ ಇಟ್ಟುಕೊಂಡಿದ್ದಳು. ಅವಳಿಗಾಗಿ ಗಂಡನಿಗೆ ಕಾಗದ ಬರೆದುಕೊಡಬೇಕಿತ್ತು. ಬಾಳಮ್ಮ ಮಾತ್ರ ಜನಾಬಾಯಿಯ ಜೊತೆ ಮಾತು ಬಿಟ್ಟಿದ್ದಳು. ಮೊದಲನೆಯ ಸಲ ಹೋದಾಗ ಒಂದೇ ಮಾತು ಅಂದಿದ್ದಳು: "ಒಬ್ಬನ್ನ ಕೊಟ್ಟು ಒಬ್ಬನ್ನ ಉಳಿಸ್ಕೊಂಡಿದ್ದೆ. ನೀ ಇಬ್ಬರನ್ನೂ ಒಯ್ದಿ."

ಮಾತಿಲ್ಲದಿದ್ದರೂ, ಬಿಸಿಲಲ್ಲಿ ನಡೆದು ಬಂದವಳೆಂದು ಒಂದು ತಂಬಿಗೆ ನೀರು ತಂದು ಹೊಸ್ತಿಲ ಮೇಲೆ ಇಟ್ಟು ಹೋಗುವಳು. ಜನಾಬಾಯಿ ಅದನ್ನು ಕುಡಿದು ಬರೆಯಲು ಕೂರುವಳು.