ಕರಗುವ ಲೋಟ

“ನನ್ ತಿಪ್ಪೆಗೆ ಪ್ಲಾಸ್ಟಿಕ್ ಸುರ್ದೋಳು ನೀನೇ ಕಣೇ ಬೇವರ್ಸಿ ಮುಂಡೆ! ಹೊಲ ಎಲ್ಲಾ ಎಕ್ಕುಟ್ಟೋಯ್ತು!”

ಪಂಚಾಯ್ತಿ ಅಧ್ಯಕ್ಷರಾದ ಅಪ್ಪಯ್ಯಣ್ಣ ತಮ್ಮ ಮನೆಯ ಜಗಲಿಯ ಮೇಲೆ ನಿಂತು ಕೂಗುತ್ತಿದ್ದರು. ಕದಿರಮ್ಮ ಅಂಗಳದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಪಂಚಾಯ್ತಿಯ ಗಾಡಿಗೆ ಕಸ ಎತ್ತುವವಳು ಅವಳು, ಗಾಡಿ ಓಡಿಸುವವನು ನಾನು. ಇಬ್ಬರೂ ನಂದಗುಡಿ ಹತ್ತಿರದ ಒಂದೇ ಕೇರಿಯವರು. ಅಪ್ಪಯ್ಯಣ್ಣನವರ ರಾಗಿ ಹೊಲಕ್ಕೆ ತಿಪ್ಪೆಗೊಬ್ಬರ ಹೊಡೆದು ಉತ್ತಾಗ ಟ್ರ್ಯಾಕ್ಟರಿನ ನೇಗಿಲಿಗೆ ಬಿಳಿ ಪೊರೆಗಳು ಸುತ್ತಿಕೊಂಡಿದ್ದವು.

ಅಲ್ಲಿ ಸುರಿ ಎಂದವರು ಅವರೇ. ಹೆದ್ದಾರಿ ಪಕ್ಕದ ಅವರ ಜಾಗದಲ್ಲಿ ದೊಡ್ಡ ಕಾಫಿ ಅಂಗಡಿ ಬಂದಿದೆ. ಕಾರಿನವರು ಪೇಪರ್ ಲೋಟದಲ್ಲಿ ಕಾಫಿ ಕೊಂಡು ಅರ್ಧ ಕುಡಿದು ಎಸೆದು ಹೋಗುತ್ತಾರೆ. ‘ಮಣ್ಣಿನಲ್ಲಿ ಕರಗುವ ಲೋಟ’ ಎಂದು ಅಂಗಡಿಯ ಮುಂದೆ ಬೋರ್ಡು ಬೇರೆ. “ಕಾಗದ ಕಣೇ, ಸಗಣಿ ಜೊತೆ ಕೊಳ್ತು ಗೊಬ್ಬರ ಆಯ್ತದೆ, ನಮ್ ತಿಪ್ಪೇಗೇ ಸುರಿ” ಎಂದು ಅಪ್ಪಯ್ಯಣ್ಣ ಹೇಳಿದಾಗ ನಾನೂ ಅಲ್ಲಿದ್ದೆ. ಕದಿರಮ್ಮ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, “ಮಣ್ಣಾಗೆ ಕರಗೋ ಕಾಗ್ದ, ಸುಡೋ ಕಾಫಿಗ್ಯಾಕ್ ಸ್ವಾಮಿ ಕರಗ್ಲಿಲ್ಲ?” ಎಂದು ಕೇಳಿದ್ದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ಬಾಯಿಗೆ ಮಣ್ಣು ಹಾಕ.

ಈಗ ಅಂಗಡಿಯ ಮ್ಯಾನೇಜರ್ ನವೀನ್‌ಕುಮಾರ್ ಒಂದು ಕಾಗದ ಬರೆದು ತಂದಿದ್ದ. ಬೇರೆಲ್ಲಿಂದಲೋ ಪ್ಲಾಸ್ಟಿಕ್ ತಂದು ತಿಪ್ಪೆಗೆ ಬೆರೆಸಿದ್ದು ತಾನೇ ಎಂದು ಕದಿರಮ್ಮ ಒಪ್ಪಿಕೊಂಡಂತೆ ಬರೆದಿತ್ತು. ಹೆಬ್ಬೆಟ್ಟು ಒತ್ತಿದರೆ ಅವಳ ಕೆಲಸ ಹೋದಂತೆಯೇ. ಕೆಳಗೆ ಸಾಕ್ಷಿ ಅಂತ ನಾನು ಬೆಳಿಗ್ಗೆಯೇ ಶಾಯಿ ಪೆನ್ನಿನಲ್ಲಿ ಸಹಿ ಹಾಕಿದ್ದೆ. “ಹಾಕಲ್ವಾ? ಹಂಗಾರೆ ಗಾಡಿ ಕೀ ಮಡುಗಿ ನಡಿ ಲೇ” ಎಂದಿದ್ದರು ಅಪ್ಪಯ್ಯಣ್ಣ. ಹೇಡಿ ನನ್ಮಗ ನಾನು, ಹಾಕಿಬಿಟ್ಟೆ.

“ಪಾಪ, ಮೊದ್ಲು ಕಾಫಿ ಕುಡೀಲಿ ಬಿಡಿ” ಎಂದ ನವೀನ್‌ಕುಮಾರ್, ಮೆತ್ತಗೆ.

ಒಳಗಿಂದ ಕಾಫಿ ಬಂತು. ಜಗಲಿಯವರಿಗೆ ಸ್ಟೀಲ್ ಲೋಟ, ಅಂಗಳದ ನಮಗೆ ಪೇಪರ್ ಲೋಟ. ಮೊದಲೆಲ್ಲ ನಮಗೆಂದೇ ಎರಡು ಲೋಟ ಸೂರಿನಲ್ಲಿ ಸಿಕ್ಕಿಸಿರುತ್ತಿದ್ದರು. ಕುಡಿದು ನಾವೇ ತೊಳೆದಿಡಬೇಕಿತ್ತು. ಪೇಪರ್ ಲೋಟ ಬಂದ ಮೇಲೆ ಅವು ಮಾಯವಾದವು. ಈಗೆಲ್ಲಿದೆ ಜಾತಿ ಎಂದು ಅಪ್ಪಯ್ಯಣ್ಣ ಮೈಕಿನಲ್ಲಿ ಕೇಳುತ್ತಾರೆ.

ಕದಿರಮ್ಮ ಕಾಫಿ ಮೂಸಿದಳು, ಕುಡಿಯಲಿಲ್ಲ. ನನ್ನನ್ನು ನೋಡಿದಳು.

“ಕರ್ದು ಕಾಫಿ ಕೊಡ್ತಾವ್ರೆ. ಏನ್ ಮಾಡ್ಬಂದಿದೀಯಾ ಕೆಂಪರಾಜು?”

ನನ್ನ ಕಣ್ಣು ಜಗಲಿಯ ಅಂಚಿನಲ್ಲಿದ್ದ ಸಹಿಯ ಕಾಗದದ ಕಡೆ ಹೋಯಿತು. ಅವಳಿಗೆ ಅಷ್ಟೇ ಸಾಕಾಯಿತು.

ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದ, ಲೋಟದಿಂದ ಸುಲಿದ ಕಾಗದದ ಮೇಲೆ ಅಂಗಡಿಯ ಹೆಸರು ಇನ್ನೂ ಕಾಣುತ್ತಿತ್ತು. ಜೊತೆಗೆ ಲೋಟದ್ದೇ ಆಕಾರದ ಒಂದು ಪೊರೆ, ಹಾವು ಬಿಟ್ಟದ್ದರ ಹಾಗೆ.

“ನಾಕ್ ದಿನ ನೀರಾಗೆ ನೆನಾಕಿದ್ದೆ ಸ್ವಾಮಿ. ಮೇಲಿಂದ್ ಕಾಗ್ದ ಕಿತ್ಕಂಡ್ ಬಂತು, ಒಳಗೆ ಇದಿತ್ತು.”

ಕೈಯಲ್ಲಿದ್ದ ಕಾಫಿಯನ್ನು ಆ ಪೊರೆಗೆ ಬಗ್ಗಿಸಿದಳು. ಒಂದು ಹನಿ ಸೋರಲಿಲ್ಲ.

“ಇದನ್ನ ಕರಗ್ಸಿ ತೋರ್ಸಿ. ಆಮ್ಯಾಕೆ ಹೆಬ್ಬೆಟ್ ಒತ್ತೀನಿ.”

ನವೀನ್‌ಕುಮಾರ್ ಫೋನ್ ನೋಡತೊಡಗಿದ. “ಎಷ್ಟ್ ಕೊಬ್ಬೇ ನಿಂಗೆ!” ಎಂದು ಅಪ್ಪಯ್ಯಣ್ಣ ಖಾಲಿ ಲೋಟವನ್ನು ಜಗಲಿಯ ಅಂಚಿಗೆ ಕುಕ್ಕಿದರು. ಕದಿರಮ್ಮ ಕೈ ಚಾಚಿ ಅದನ್ನೇ ತೆಗೆದುಕೊಂಡಳು. ಪೊರೆಯ ಕಾಫಿಯನ್ನು ಅದಕ್ಕೆ ಸುರಿದು, ಎಲ್ಲರೂ ನೋಡುತ್ತಿದ್ದಂತೆ ಕಚ್ಚಿ ಕುಡಿದಳು. ಎಂಜಲು ಲೋಟವನ್ನು ಇದ್ದಲ್ಲೇ ಇಟ್ಟಳು.

“ಇದೂ ಕರಗಲ್ಲ. ಆದ್ರೆ ತೊಳುದ್ರೆ ಆಯ್ತದೆ. ತೊಳ್ಕಳಿ.”

ಅಪ್ಪಯ್ಯಣ್ಣ ಲೋಟದಿಂದ ಹಿಂದೆ ಸರಿದು ನನ್ನ ಕಡೆ ತಿರುಗಿದರು.

“ಲೇ ಕೆಂಪರಾಜು, ಎತ್ತಿ ತೊಳ್ಯೋ ಅದನ್ನ.”

ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಲೋಟದ ಪಕ್ಕದಲ್ಲೇ ನವೀನ್‌ಕುಮಾರ್ ತಂದಿದ್ದ ಕಾಗದವಿತ್ತು. ಅದನ್ನೆತ್ತಿ, ಸಹಿ ಹೊರಗೆ ಕಾಣುವಂತೆ ಮಡಚಿ, ನಾನು ಕುಡಿಯದೆ ಹಿಡಿದಿದ್ದ ಕಾಫಿಯಲ್ಲಿ ಅದ್ದಿದೆ. ಮೊದಲು ಕರಗಿದ್ದು ನನ್ನ ಸಹಿ.

ಜಗಲಿಯ ಲೋಟ ಹಾಗೇ ಇತ್ತು. ಯಾರೂ ಮುಟ್ಟಲಿಲ್ಲ.