ಹಟಕ್ಕೆ ಬದುಕಿದವಳು

ದೊಡ್ಡವಳು ಬಾಗಿಲು ತಟ್ಟಲಿಲ್ಲ, ಹೇಗಿದ್ದೀಯ ಎಂದು ಕೇಳಲಿಲ್ಲ. ಉಕ್ಕಿನ ಟೇಪನ್ನು ಸರ್ರನೆ ಎಳೆದು, ಒಂದು ತುದಿಯನ್ನು ಕಿಟಕಿಯ ಚೌಕಟ್ಟಿಗೆ ಸಿಕ್ಕಿಸಿ, ಚಿಕ್ಕವಳ ಮಂಚದ ತನಕ ಬಂದಳು.

"ಕಾಲು ಸರಿಸು," ಎಂದಳು.

ಚಿಕ್ಕವಳು ಸರಿಸಿದಳು. ಯಾಕೆ ಸರಿಸಿದೆನೋ ಎಂದು ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ಇಬ್ಬರೂ ವಾರಗಿತ್ತಿಯರು. ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದು, ನಡುವೆ ಗೋಡೆ ಎಬ್ಬಿಸಿಕೊಂಡವರು. ಬೀದಿಯ ಕಡೆಗಿದ್ದ ಎರಡು ಕೋಣೆಗಳಲ್ಲಿ ಆಚೆಯದು ದೊಡ್ಡವಳ ಬ್ಯೂಟಿ ಪಾರ್ಲರ್, ಈಚೆಯದು ಚಿಕ್ಕವಳ ಹೊಲಿಗೆ ಅಂಗಡಿ. ಮೆಟ್ಟಿಲ ಮೇಲೆ ಬಿದ್ದ ಕೂದಲು, ಚರಂಡಿ ಕಟ್ಟಿದ ಬಟ್ಟೆಚೂರು, ಯಾವುದಾದರೂ ಸರಿ, ಜಗಳಕ್ಕೆ ಸಾಕಾಗುತ್ತಿತ್ತು. ಇವರಿಬ್ಬರ ಬಾಯಿ ಕೇಳದಿದ್ದರೆ ಬೀದಿಯಲ್ಲಿ ಕೆಲವರಿಗೆ ಬೆಳಗಿನ ಕಾಫಿ ರುಚಿಸುತ್ತಿರಲಿಲ್ಲ.

ಈಗ ಕೆಲವು ತಿಂಗಳಿಂದ ಗೋಡೆಯ ಈಚೆ ಸದ್ದಿಲ್ಲ. ಚಿಕ್ಕವಳಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಗಿ, ಆಪರೇಷನ್ ಆಗಿ, ಎರಡು ಕೀಮೋ ಮುಗಿದಿತ್ತು. ಮೂರನೆಯದಕ್ಕೆ ನಾಳೆ ಹೋಗಬೇಕು. ಹೋಗುವುದಿಲ್ಲ ಎಂದು ಅವಳು ಅಂಗಡಿಯ ಕೋಣೆಯಲ್ಲೇ ಹಾಕಿಸಿಕೊಂಡಿದ್ದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ವಾಂತಿ, ಬಾಯಿಹುಣ್ಣು, ಬೋಳುತಲೆ ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದ್ದಳು. ಸಹಿಸಲಾಗದೇ ಹೋದದ್ದು ಜನರ ಒಳ್ಳೆಯತನ. ಜನ್ಮದಲ್ಲಿ ಒಂದು ಲೋಟ ಎತ್ತಿಡದ ಗಂಡ ಕೂತಲ್ಲಿಗೇ ನೀರು ತಂದುಕೊಡುತ್ತಿದ್ದ. ತೋಳು ಒಂದು ಎಳೆ ಬಿಗಿಯಾದರೂ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದ ಗಿರಾಕಿಯೊಬ್ಬಳು, ಗುಂಡಿಯಿಲ್ಲದ ರವಿಕೆಯನ್ನೇ ಎತ್ತಿಕೊಂಡು, ಚೆನ್ನಾಗಿದೆ ಬಿಡಿ ಎಂದು ಕಣ್ಣೊರೆಸಿಕೊಂಡು ಹೋದಳು. ತನ್ನ ಕಥೆ ಮುಗಿಯಿತು ಎಂದು ಚಿಕ್ಕವಳಿಗೆ ಅವತ್ತೇ ಖಾತ್ರಿಯಾಯಿತು. ಸಾಯುವವಳ ಜೊತೆ ಯಾರು ತಾನೇ ಜಗಳ ಆಡುತ್ತಾರೆ?

ಸಾಲದ್ದಕ್ಕೆ ಆಸ್ಪತ್ರೆಯ ಗೋಡೆಯಲ್ಲಿ ದೊಡ್ಡವಳ ಫೋಟೋ ಬೇರೆ. ಇದೇ ಕಾಯಿಲೆ ಗೆದ್ದು ಹದಿನೆಂಟು ವರ್ಷ ಬದುಕಿದವಳು ಎಂದು ಹಲ್ಲು ಕಿಸಿದು ನಿಂತ ಫೋಟೋ. ಕೀಮೋ ಇಳಿಯುವಷ್ಟು ಹೊತ್ತೂ ಚಿಕ್ಕವಳು ಆ ಹಲ್ಲನ್ನೇ ನೋಡಿಕೊಂಡು ಕೂರಬೇಕಿತ್ತು. ಸೂಜಿಗಿಂತ ಅದೇ ಹೆಚ್ಚು ಚುಚ್ಚುತ್ತಿತ್ತು.

"ಗೋಡೆ ಒಡೆಸಿದ್ರೆ ಇನ್ನೆರಡು ಕುರ್ಚಿ ಹಾಕಬಹುದು," ಎಂದಳು ದೊಡ್ಡವಳು. "ಇಲ್ಲಿ ಕನ್ನಡಿ. ಬೆಳಕು ಚೆನ್ನಾಗಿದೆ."

ಗಂಡ ಒಳಗಿನಿಂದ ಓಡಿ ಬಂದ. "ಅತ್ತಿಗೆ, ಇದೇನು ಮಾಡ್ತಿದ್ದೀರಿ? ಅವಳಿನ್ನೂ..."

"ಇನ್ನೂ ಇದ್ದಾಳೆ ಅಂತ ತಾನೇ? ನಾಳೆ ಆಸ್ಪತ್ರೆಗೆ ಹೋಗಲ್ಲ ಅಂದಳಂತೆ. ಹಾಗಾದ್ರೆ ಇವಳಿಗೆ ಅಂಗಡಿ ಯಾಕೆ?"

ಚಿಕ್ಕವಳು ದಿಂಬು ತಳ್ಳಿ ಎದ್ದು ಕೂತಳು. ತಲೆ ಗಿರ್ರೆಂದಿತು. "ನಾಚಿಕೆ ಆಗಲ್ವಾ ನಿಮಗೆ? ಉಸಿರಾಡ್ತಾ ಇರುವಾಗಲೇ ಕೋಣೆ ಅಳೀತಿದ್ದೀರಲ್ಲ."

"ನಿನಗೆ ಆಗಿತ್ತಾ?"

ಚಿಕ್ಕವಳು ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡಳು.

"ಹದಿನೆಂಟು ವರ್ಷದ ಹಿಂದೆ ನಾನೂ ಹೀಗೇ ಪಾರ್ಲರ್‌ನಲ್ಲಿ ಮಲಗಿದ್ದೆನಲ್ಲ, ಅವತ್ತು ನನಗೆ ನಿದ್ದೆ ಬಂದಿರಲಿಲ್ಲ," ಎಂದಳು ದೊಡ್ಡವಳು. "ಅರ್ಧ ಕಣ್ಣು ಮುಚ್ಚಿದ್ದೆ ಅಷ್ಟೇ. ನೀನು ಬಂದು ಹಣ್ಣಿನ ರಸ ಕುಡಿಸಿದೆ. ನನ್ನ ಕಾಲು ಹಿಡ್ಕೊಂಡು ಅತ್ತುಬಿಟ್ಟೆ. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ನನ್ನ ಪಾರ್ಲರ್ ಅಳೆದೆ."

ಸುಳ್ಳು ಹೇಳಲು ಚಿಕ್ಕವಳು ಬಾಯಿ ತೆರೆದಳು. ಬರಲಿಲ್ಲ. "ಎರಡು ಮೆಷಿನ್ ಹಿಡಿಯುತ್ತಾ ಅಂತ ನೋಡಿದ್ದೆ," ಎಂದಳು.

"ಗೊತ್ತು. ನಾನೂ ನಿನ್ನ ಹಾಗೇ ಸಾಕಪ್ಪಾ ಅಂತ ಕೈಚೆಲ್ಲಿ ಮಲಗಿದ್ದೆ. ಅದನ್ನ ನೋಡಿದ ಮೇಲೆ ಮೈಯೆಲ್ಲ ಉರಿದುಹೋಯ್ತು. ಇವಳಿಗೆ ಈ ಕೋಣೆ ಬಿಟ್ಟು ಸಾಯಲ್ಲ ಅಂದ್ಕೊಂಡು ಬೆಳಿಗ್ಗೆ ಎದ್ದು ಕೀಮೋಗೆ ಹೋದೆ. ಆಸ್ಪತ್ರೆಯವರು ಮೈಕ್ ಕೊಟ್ಟು, ಧೈರ್ಯ ಎಲ್ಲಿಂದ ಬಂತಮ್ಮ ಅಂತ ಕೇಳ್ತಾರೆ. ಮನೆಯವರ ಪ್ರೀತಿಯಿಂದ ಅಂತೀನಿ. ನಿಜ ಹೇಳಿದ್ರೆ ಫೋಟೋ ಹಾಕ್ತಾರಾ?"

"ಅಂದ್ರೆ ಸಿಟ್ಟಿಂದ ಬದುಕಿದ್ರಾ?"

"ಬದುಕಿಸಿದ್ದು ಔಷಧಿ. ಅದರ ಬಾಗಿಲ ತನಕ ಎಳ್ಕೊಂಡು ಹೋಗಿದ್ದು ಸಿಟ್ಟು. ನನ್ನ ಜೊತೆ ಹೋದವರಲ್ಲಿ ಎಲ್ಲರೂ ಉಳಿಯಲಿಲ್ಲ. ನೀನು ಉಳೀತೀಯ ಅಂತ ನಾನೇನೂ ಹೇಳ್ತಿಲ್ಲ."

ಚಿಕ್ಕವಳು ಯಾರನ್ನೂ ಕೇಳದೇ ಇದ್ದದ್ದನ್ನು, ಈ ಹಗೆಯ ಮುಂದೆ ಕೇಳಲೇಬಾರದಿದ್ದದ್ದನ್ನು ಕೇಳಿಬಿಟ್ಟಳು. "ಅಕ್ಕ, ಭಯ ಹೋಗುತ್ತಾ?"

"ಇಲ್ಲ. ವರ್ಷವರ್ಷ ಚೆಕಪ್‌ಗೆ ಹೋದಾಗ ಇವತ್ತಿಗೂ ಕಾಲು ನಡುಗುತ್ತೆ. ಆದ್ರೂ ಹೋಗಿ ನಿಲ್ಲುತ್ತೆ." ದೊಡ್ಡವಳು ಬಾಗಿಲಿಗೆ ಹೊರಟಳು. "ಸೋಮವಾರ ಮೇಸ್ತ್ರಿ ಬರ್ತಾನೆ. ಅವನಿಗೆ ಏನು ಹೇಳಬೇಕೋ ನೀನೇ ಹೇಳು."

ಎಲ್ಲರೂ ಸಮಾಧಾನ ಹೇಳಿದ್ದರು, ಒಬ್ಬರೂ ನಿಜ ಹೇಳಿರಲಿಲ್ಲ. ಈ ಹೆಂಗಸಿನ ಮುಖಕ್ಕೆ ಹೊಡೆದಂಥ ಮಾತಿನಿಂದ ಚಿಕ್ಕವಳಿಗೆ ಆಸೆ ಹುಟ್ಟಿತು. ಇವಳಿಂದ ಹುಟ್ಟಿತಲ್ಲ ಎಂದು ಹೊಟ್ಟೆಯೂ ಉರಿಯಿತು. ಗಂಡ ನೀರು ತಂದ. ಲೋಟ ಸರಿಯಾಗಿ ತೊಳೆದಿಲ್ಲ ಎಂದು ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು ತಿರುಗಿ ಒಂದು ಮಾತಂದ. ಅವಳಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಮರುದಿನ ಆಸ್ಪತ್ರೆಯಲ್ಲಿ ಚಿಕ್ಕವಳು ಕಾಯುತ್ತಿದ್ದಾಗ ದೊಡ್ಡವಳು ತಾನಾಗಿ ಬಂದು, ನಡುವೆ ಒಂದು ಕುರ್ಚಿ ಬಿಟ್ಟು ಕೂತಳು. ನರ್ಸ್ ಅವಳನ್ನು ಗುರುತು ಹಿಡಿದು ಮುಖ ಅರಳಿಸಿದಳು. "ಇವರು ನಿಮ್ಮ ಜೊತೆ ಬಂದಿದ್ದಾರಾ? ಅದೃಷ್ಟವಂತೆ ನೀವು," ಎಂದು ಚಿಕ್ಕವಳಿಗೆ ಹೇಳಿದಳು.

"ನಾನು ಸಾಯೋದನ್ನ ಕಾಯ್ತಿದ್ದಾರೆ," ಎಂದಳು ಚಿಕ್ಕವಳು.

ನರ್ಸಿನ ಮುಖ ಬಿಳಿಚಿಕೊಂಡಿತು. ದೊಡ್ಡವಳು ತಿರುಗಿಯೂ ನೋಡಲಿಲ್ಲ. "ನನಗೇನೂ ಅವಸರ ಇಲ್ಲ," ಎಂದಳು. "ಇನ್ನೂ ಇಪ್ಪತ್ತು ವರ್ಷ ಬೇಕಾದ್ರೂ ಕಾಯ್ತೀನಿ."

ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವಳ ದನಿ ಒಡೆದಿತ್ತು. ಚಿಕ್ಕವಳು ಅದನ್ನು ಕೇಳಿಸಿಕೊಂಡಳು, ಕೇಳಿಸದವಳಂತೆ ಎದ್ದು, ನರ್ಸಿನ ಹಿಂದೆ ಒಳಗೆ ಹೋದಳು.